ಸೀಲಿಂಗ್ ಮೇಲೆ ಏನಿದೆ, ಯಾವತ್ತಾದ್ರೂ ನೋಡಿದ್ದೀರಾ?

ಒಂದು ಸರಳ ಪ್ರಶ್ನೆ ಕೇಳ್ತೀನಿ. ನಿಮ್ಮ ಅಡುಗೆಮನೆಯ ಚಿಮಣಿ ಎಳೆದುಕೊಂಡ ಹೊಗೆ ಎಲ್ಲಿಗೆ ಹೋಗುತ್ತೆ?

"ಹೊರಗೆ ಹೋಗುತ್ತೆ" ಅಂತೀರಿ. ಸರಿ. ಯಾವ ದಾರಿಯಿಂದ ಹೋಗುತ್ತೆ? ಎಷ್ಟು ಅಡಿ ದೂರ? ಆ ಪೈಪು ಯಾವುದರದ್ದು? ಪ್ಲಾಸ್ಟಿಕ್ಕಿಂದೋ, ತಗಡಿಂದೋ? ಅದರ ಮೇಲೆ ಕರೆಂಟಿನ ವೈರ್ ಬಿದ್ದಿದೆಯಾ? ಅದು ಗೋಡೆ ದಾಟೋ ಜಾಗದಲ್ಲಿ ಸುತ್ತಲಿನ ಸಂದಿಗೆ ಏನು ತುಂಬಿದ್ದಾರೆ?

ಹತ್ತರಲ್ಲಿ ಒಂಬತ್ತು ಮನೆಯವರು ಇಲ್ಲಿಗೆ ಸುಮ್ಮನಾಗ್ತಾರೆ ಅನ್ನೋದು ನನ್ನ ಅಂದಾಜು. ಯಾಕಂದ್ರೆ ಅದೆಲ್ಲಾ ಸೀಲಿಂಗ್ ಮೇಲಿದೆ. ಕೆಳಗಡೆ ಬಿಳಿ ಪಿಒಪಿ, ನಡುವೆ ಹೂವಿನ ಡಿಸೈನು, ಸುತ್ತ ಬಣ್ಣದ ಲೈಟು. ಗೃಹಪ್ರವೇಶಕ್ಕೆ ಬಂದವರೆಲ್ಲಾ ತಲೆ ಎತ್ತಿ ನೋಡಿ "ಭಾರಿ ಆಗೇತ್ರೀ" ಅಂದು ಹೋದರು. ಆ ಚಂದದ ಹಲಗೆಯ ಮೇಲಿನ ಒಂದಡಿ ಕತ್ತಲಲ್ಲಿ ಏನಿದೆ ಅಂತ ಯಾರೂ ಕೇಳಲಿಲ್ಲ. ಮನೆ ಯಜಮಾನರೂ ಕೇಳಲಿಲ್ಲ.

ಇವತ್ತು ಆ ಒಂದಡಿ ಕತ್ತಲಿನ ಬಗ್ಗೆ ಮಾತಾಡೋಣ.

ಇದು ಬೆಂಗಳೂರಿನ ಅಪಾರ್ಟ್‌ಮೆಂಟಿನವರ ವಿಷಯ, ನಮಗೇನು ಅಂತ ಚಾನೆಲ್ ಬದಲಾಯಿಸೋ ಹಾಗಿಲ್ಲ. ಗದಗ ಜಿಲ್ಲೆಯ ಮುಂಡರಗಿ ತಾಲೂಕಿನ ಡೋಣಿಯಂಥ ಊರನ್ನೇ ತಗೊಳ್ಳಿ. ಕಪ್ಪತಗುಡ್ಡದ ಮಗ್ಗುಲಿನ ಹಳ್ಳಿ. ಈ ಸೀಮೆಯ ಹಳೇ ಮನೆಗಳು ಹೇಗಿದ್ದವು? ದಪ್ಪ ಮಣ್ಣಿನ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ ಸೀಳು, ಸೊಪ್ಪು, ಹುಲ್ಲು, ಎಲ್ಲದರ ಮೇಲೆ ಮಣ್ಣಿನ ಮಾಳಿಗೆ. ಒಲೆಯ ನೆತ್ತಿಗೊಂದು ಬೆಳಕಿಂಡಿ. ಬೆಳಕು ಅಲ್ಲಿಂದಲೇ ಒಳಗೆ ಬರ್ತಿತ್ತು, ಹೊಗೆ ಅಲ್ಲಿಂದಲೇ ಹೊರಗೆ ಹೋಗ್ತಿತ್ತು. ಜಂತಿ ಕಪ್ಪಾದರೆ ಕಣ್ಣಿಗೆ ಕಾಣ್ತಿತ್ತು. ಕಿಡಿ ಹಾರಿದರೂ ಕಾಣ್ತಿತ್ತು. ಹೊಗೆಯಿಂದ ತಾಯಂದಿರ ಕಣ್ಣು, ಪುಪ್ಪಸ ಹಾಳಾಗ್ತಿದ್ದವು, ಅದನ್ನು ಮರೆಯೋ ಹಾಗಿಲ್ಲ. ಆದರೆ ಆ ಮನೆಯಲ್ಲಿ ಹೊಗೆಯ ದಾರಿ ಮುಚ್ಚುಮರೆ ಇಲ್ಲದ್ದು.

ಈಗ ಕಾಲ ಬದಲಾಗಿದೆ. 2016ರ ಮೇ 1ರಂದು ಉಜ್ವಲ ಯೋಜನೆ ಶುರುವಾದ ಮೇಲೆ ಒಲೆ ಮುಂದೆ ಕೂತಿದ್ದ ಎಷ್ಟೋ ಮನೆಗಳಿಗೆ ಗ್ಯಾಸ್ ಬಂತು. ಮಾಳಿಗೆ ಹೋಗಿ ಆರ್‌ಸಿಸಿ ಬಂತು. ಆರ್‌ಸಿಸಿ ಕೆಳಗೆ ಪಿಒಪಿ ಬಂತು. ಉತ್ತರ ಕರ್ನಾಟಕದಲ್ಲಿ ಚಿಮಣಿ ಅಂದ್ರೆ ಹಿರಿಯರಿಗೆ ಇವತ್ತಿಗೂ ಸೀಮೆಎಣ್ಣೆ ಬುಡ್ಡಿಯೇ ನೆನಪಾಗೋದು. ಮೊಮ್ಮಕ್ಕಳಿಗೆ ಚಿಮಣಿ ಅಂದ್ರೆ ಗ್ಯಾಸ್ ಒಲೆ ಮೇಲೆ ಬುಸುಗುಟ್ಟೋ ಸ್ಟೀಲ್ ಡಬ್ಬ. ಸಾಲ ಮಾಡಿ ಕಟ್ಟಿದ ಮನೆಗೆ ಸಂತೋಷದಿಂದ ಹಾಕಿಸಿಕೊಂಡಿದ್ದಾರೆ. ಹಾಕಿಸಿಕೊಳ್ಳಲಿ. ಆದರೆ ಹೊಗೆಯ ದಾರಿಯನ್ನು ಕಣ್ಣಿಗೆ ಕಾಣದಂತೆ ಮುಚ್ಚಿದ ಮೇಲೆ, ಆ ದಾರಿಯನ್ನು ಸರಿಯಾಗಿ ಕಟ್ಟುವ ಹೊಣೆ ದುಪ್ಪಟ್ಟಾಗುತ್ತೆ.

ಕೊಳವೆ ಹೊಗೆಯನ್ನಷ್ಟೇ ಒಯ್ಯೋದಿಲ್ಲ

ನಮ್ಮಲ್ಲಿ ಒಗ್ಗರಣೆ ಘಾಟು ಜಾಸ್ತಿ. ಗದಗ ಅಂದ್ರೆ ಮಿರ್ಚಿ ಭಜಿ. ಬಾಣಲೆಯಲ್ಲಿ ಎಣ್ಣೆ ಕಾಯಿಸಿದಾಗ ಮೇಲೇಳೋದು ಬರೀ ಹೊಗೆ ಅಲ್ಲ, ಅದರಲ್ಲಿ ಎಣ್ಣೆಯ ಸೂಕ್ಷ್ಮ ಹನಿಗಳಿರುತ್ತವೆ. ಚಿಮಣಿಯ ಫಿಲ್ಟರ್ ಅದರಲ್ಲಿ ಒಂದಷ್ಟನ್ನು ಹಿಡಿಯುತ್ತೆ, ಉಳಿದದ್ದು ಡಕ್ಟಿಗೆ ಹೋಗುತ್ತೆ. ಡಕ್ಟ್ ತಣ್ಣಗಿರುತ್ತೆ. ತಣ್ಣಗಿನ ತಗಡಿಗೆ ತಾಗಿದ ಎಣ್ಣೆಯ ಹಬೆ ಅಲ್ಲೇ ಅಂಟಿಕೊಳ್ಳುತ್ತೆ. ಅದಕ್ಕೆ ಧೂಳು ಹತ್ತುತ್ತೆ. ವರ್ಷ, ಎರಡು ವರ್ಷ ಕಳೆದಾಗ ಡಕ್ಟಿನ ಒಳಮೈಯಲ್ಲಿ ಕಂದು ಬಣ್ಣದ ಜಿಡ್ಡಿನ ಪದರ ಕೂತಿರುತ್ತೆ. ಡಕ್ಟ್ ಎಷ್ಟು ಉದ್ದವೋ, ಎಷ್ಟು ತಿರುವುಗಳೋ, ಜಿಡ್ಡೂ ಅಷ್ಟೇ ಜಾಸ್ತಿ.

ಈಗ ಒಂದು ದಿನ ಬಾಣಲೆ ಒಲೆ ಮೇಲಿಟ್ಟು ಯಾರೋ ಫೋನಿನಲ್ಲಿ ಮಾತಿಗೆ ನಿಂತರು ಅಂದುಕೊಳ್ಳಿ. ಅಡುಗೆ ಎಣ್ಣೆ ಸುಮಾರು 230 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೊಗೆಯಾಡೋಕೆ ಶುರುಮಾಡುತ್ತೆ. 350 ಡಿಗ್ರಿ ದಾಟಿದರೆ ಕಡ್ಡಿ ಗೀರಬೇಕಾಗಿಲ್ಲ, ತಾನಾಗೇ ಭಗ್ ಅಂತ ಹತ್ತಿಕೊಳ್ಳುತ್ತೆ. ಮೇಲೆ ಚಿಮಣಿಯ ಫ್ಯಾನ್ ಓಡ್ತಾ ಇದೆ. ಅದು ಹೊಗೆಯನ್ನು ಎಳೆದ ಹಾಗೇ ಉರಿಯನ್ನೂ ಎಳೆಯುತ್ತೆ. ಜಿಡ್ಡು ತುಂಬಿದ ಫಿಲ್ಟರಿಗೆ ಬೆಂಕಿ, ಅಲ್ಲಿಂದ ಜಿಡ್ಡು ಹತ್ತಿದ ಡಕ್ಟಿಗೆ ಬೆಂಕಿ.

ಒಲೆ ಊದೋಕೆ ನಮ್ಮ ಅಜ್ಜಿಯಂದಿರು ಊದುಗೊಳವೆ ಇಟ್ಟುಕೊಂಡಿರ್ತಿದ್ದರು. ಒಂದು ಕೊಳವೆಯಲ್ಲಿ ಗಾಳಿ ರಭಸವಾಗಿ ಹರಿದರೆ ಕೆಂಡಕ್ಕೆ ಏನಾಗುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಫ್ಯಾನ್ ಚಾಲೂ ಇರೋ ಡಕ್ಟ್ ಅಂದ್ರೆ ಅದೇ ಊದುಗೊಳವೆ. ಕೆಂಡ ಮಾತ್ರ ಈ ಸಲ ಕೊಳವೆಯ ಒಳಗಡೆ ಇದೆ. ಕೊಳವೆ ನಿಮ್ಮ ತಲೆ ಮೇಲಿದೆ.

ಆ ಡಕ್ಟ್ ಪ್ಲಾಸ್ಟಿಕ್ಕಿನದ್ದಾಗಿದ್ದರೆ? ಇಲ್ಲೇ ನಮ್ಮವರು ಎಡವೋದು. ಬಚ್ಚಲಿಗೆ ತಂದ ಪಿವಿಸಿ ಪೈಪು ಒಂದು ತುಂಡು ಉಳಿದಿರುತ್ತೆ. "ಇದನ್ನೇ ಹಾಕ್ತೀನ್ರೀ, ಏನಾಗಂಗಿಲ್ಲ, ನಾವು ಎಲ್ಲಾ ಕಡೆ ಹಿಂಗ ಮಾಡೀವಿ" ಅಂತ ಕೆಲಸದವರು ಹೇಳ್ತಾರೆ. ಮನೆಯವರು ಹೂಂ ಅಂತಾರೆ. ಪಿವಿಸಿ ಸುಲಭವಾಗಿ ಹೊತ್ತಿ ಉರಿಯೋದಿಲ್ಲ ಅನ್ನೋದು ನಿಜ. ಆದರೆ 80 ಡಿಗ್ರಿ ಆಸುಪಾಸಿನಲ್ಲೇ ಅದು ಮೆತ್ತಗಾಗಿ ಜೋತುಬೀಳುತ್ತೆ. ಬೆಂಕಿಗೆ ಸಿಕ್ಕರೆ ಹೈಡ್ರೋಜನ್ ಕ್ಲೋರೈಡ್ ಅನ್ನೋ ಘಾಟು ವಿಷಾನಿಲ ಬಿಡುತ್ತೆ. ನೀರು ತಾಗಿದರೆ ಆಮ್ಲವಾಗೋ ಅನಿಲ ಅದು. ನಮ್ಮ ಕಣ್ಣಲ್ಲಿ, ಗಂಟಲಲ್ಲಿ, ಪುಪ್ಪಸದಲ್ಲಿ ನೀರಿಲ್ಲವಾ? ಅಲ್ಲೇ ಅದು ಆಮ್ಲ ಆಗುತ್ತೆ. ಪೈಪು ಕರಗಿ ಬಾಯಿ ಬಿಟ್ಟರೆ ಉರಿ, ಹೊಗೆ ಎರಡೂ ನೇರ ಸೀಲಿಂಗ್ ಒಳಗೆ.

ಅದೇ ಅಲ್ಯೂಮಿನಿಯಂ ಕರಗೋದು 660 ಡಿಗ್ರಿಗೆ. ಉಕ್ಕಿನ ತಗಡು ಅದಕ್ಕಿಂತ ಎಷ್ಟೋ ಹೆಚ್ಚು ತಾಳುತ್ತೆ. ವ್ಯತ್ಯಾಸ ಇಷ್ಟು ಸ್ಪಷ್ಟ. ಉಳಿಯೋ ದುಡ್ಡು ಕೆಲವು ನೂರು ರೂಪಾಯಿ.

ಕೊಲ್ಲೋದು ಉರಿಗಿಂತ ಹೆಚ್ಚಾಗಿ ಹೊಗೆ

ಬೆಂಕಿ ಅಂದ ತಕ್ಷಣ ನಾವು ಟಿವಿಯವರು ಜ್ವಾಲೆ ತೋರಿಸ್ತೀವಿ. ಸಾವು ಬರೋದು ಬಹಳ ಸಲ ಜ್ವಾಲೆಯಿಂದಲ್ಲ. ಮೂರು ಘಟನೆ ನೆನಪಿಸ್ತೀನಿ.

2010ರ ಫೆಬ್ರವರಿ 23. ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್. ಹಾಡಹಗಲು. ವೈರುಗಳು ಹಾದುಹೋಗೋ ಶಾಫ್ಟಿನಲ್ಲಿ ಕಾಣಿಸಿಕೊಂಡ ಬೆಂಕಿ ಕಟ್ಟಡವನ್ನೇನೂ ಸುಟ್ಟು ಬೂದಿ ಮಾಡಲಿಲ್ಲ. ಆದರೆ ಹೊಗೆ ಅದೇ ಶಾಫ್ಟಿನ ದಾರಿಯಲ್ಲಿ ಮೇಲಿನ ಮಹಡಿಗಳನ್ನು ತುಂಬಿಬಿಟ್ಟಿತು. ಉಸಿರು ಕಟ್ಟಿದ ಜನ ಕಿಟಕಿ ಗಾಜು ಒಡೆದು ಕೆಳಗೆ ಹಾರಿದರು. ಒಂಬತ್ತು ಜನ ಸತ್ತರು. ಕ್ಯಾಮೆರಾ ಎದುರೇ ಜನ ಬೀಳ್ತಿದ್ದ ಆ ದೃಶ್ಯವನ್ನು ಅವತ್ತು ಇಡೀ ರಾಜ್ಯ ನೋಡಿತ್ತು. ಅಲ್ಲಿ ತಮ್ಮವರನ್ನು ಕಳೆದುಕೊಂಡವರು, ಬದುಕಿ ಬಂದವರು ಸೇರಿ 'ಬಿಯಾಂಡ್ ಕಾರ್ಲ್ಟನ್' ಅನ್ನೋ ಸಂಘಟನೆ ಕಟ್ಟಿ ಅಗ್ನಿ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸ್ತಾ ಬಂದರು.

1997ರ ಜೂನ್ 13. ದೆಹಲಿಯ ಉಪಹಾರ್ ಚಿತ್ರಮಂದಿರ, ಬಾರ್ಡರ್ ಸಿನಿಮಾ ನಡೀತಿತ್ತು. ಬೆಂಕಿ ಹೊತ್ತಿದ್ದು ನೆಲಮಹಡಿಯ ಟ್ರಾನ್ಸ್‌ಫಾರ್ಮರ್ ಕಡೆ. ಸತ್ತವರು ಬಾಲ್ಕನಿಯಲ್ಲಿ ಕೂತಿದ್ದವರು. 59 ಜನ. ಬೆಂಕಿ ಅವರನ್ನು ಮುಟ್ಟಲಿಲ್ಲ, ಹೊಗೆ ಮುಟ್ಟಿತು.

2011ರ ಡಿಸೆಂಬರ್ 9. ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆ. ಬೆಂಕಿ ಬಿದ್ದಿದ್ದು ನೆಲಮಾಳಿಗೆಯಲ್ಲಿ. ಹೊಗೆ ಏರಿದ್ದು ಹವಾನಿಯಂತ್ರಣದ ಡಕ್ಟುಗಳ ದಾರಿಯಲ್ಲಿ, ಮೇಲಿನ ವಾರ್ಡುಗಳಿಗೆ. ಸುಮಾರು 90 ಜನ ಸತ್ತರು. ಬಹುತೇಕರು ಹಾಸಿಗೆ ಬಿಟ್ಟು ಏಳಲಾರದ ರೋಗಿಗಳು.

ಮೂರೂ ದೊಡ್ಡ ಕಟ್ಟಡಗಳು ನಿಜ. ಆದರೆ ಪಾಠ ಒಂದೇ. ಒಂದು ಕಡೆಯ ಹೊಗೆಯನ್ನು ಇನ್ನೊಂದು ಕಡೆಗೆ ಒಯ್ಯೋಕೆ ಒಂದು ತೆರೆದ ಕೊಳವೆ ಸಾಕು. ಅಡುಗೆಮನೆಯಿಂದ ಹೊರಟ ಡಕ್ಟ್ ಮಕ್ಕಳು ಮಲಗೋ ಕೋಣೆಯ ಸೀಲಿಂಗ್ ಮೇಲಿಂದ ಹಾದುಹೋಗ್ತಾ ಇದ್ದರೆ, ನಿಮ್ಮ ಮನೆಯಲ್ಲೂ ಅದೇ ಕಥೆ ಸಣ್ಣ ಪ್ರಮಾಣದಲ್ಲಿ ಸಾಧ್ಯ ಇದೆ. ರಾತ್ರಿ ಮಲಗಿದಾಗ ಮೂಗು ಎಚ್ಚರ ಇರೋದಿಲ್ಲ. ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆಯಲ್ಲಿದ್ದವರನ್ನು ಅದು ಎಬ್ಬಿಸೋದಿಲ್ಲ.

ದೊಡ್ಡ ಕಟ್ಟಡಕ್ಕೆ ನಿಯಮ ಇದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ ಪೂರ್ತಿ ಅಗ್ನಿ ಸುರಕ್ಷತೆಗೇ ಮೀಸಲು. ಹವಾನಿಯಂತ್ರಣದ ಡಕ್ಟ್ ಲೋಹದ್ದೇ ಆಗಿರಬೇಕು, ಬೆಂಕಿತಡೆ ಗೋಡೆ ದಾಟೋ ಕಡೆ ಫೈರ್ ಡ್ಯಾಂಪರ್ ಇರಬೇಕು ಅಂತ ಅದು ಹೇಳುತ್ತೆ. ಫೈರ್ ಡ್ಯಾಂಪರ್ ಅಂದ್ರೆ ಡಕ್ಟಿನೊಳಗಿನ ಒಂದು ಬಾಗಿಲು. ಕೆಲವು ಬಗೆಯವುಗಳಲ್ಲಿ ಸುಮಾರು 70 ಡಿಗ್ರಿ ಶಾಖಕ್ಕೆ ಕರಗೋ ಕೊಂಡಿ ಇರುತ್ತೆ. ಕೊಂಡಿ ಕರಗಿದರೆ ಬಾಗಿಲು ತಾನೇ ಬಡಿದುಕೊಂಡು ದಾರಿ ಮುಚ್ಚುತ್ತೆ. ಲೋಹದ ಡಕ್ಟಿಗೆ ಐಎಸ್ 655 ಅನ್ನೋ ಭಾರತೀಯ ಮಾನಕವೇ ಇದೆ.

ನಿಮ್ಮ ಒಂದಂತಸ್ತಿನ ಮನೆಗೆ? ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕಿಲ್ಲ. ಯಾವ ಅಧಿಕಾರಿಯೂ ಏಣಿ ಹತ್ತಿ ಸೀಲಿಂಗ್ ಒಳಗೆ ಇಣುಕೋದಿಲ್ಲ. ಅಂದ್ರೆ ನಿಮ್ಮ ಮನೆಯ ಇನ್‌ಸ್ಪೆಕ್ಟರ್ ನೀವೇ. ನೀವು ನೋಡಲಿಲ್ಲ ಅಂದ್ರೆ ಯಾರೂ ನೋಡಲಿಲ್ಲ ಅಂತಲೇ ಅರ್ಥ.

ಹಾಗಾದರೆ ಏನು ನೋಡಬೇಕು?

ಮೊದಲನೆಯದು, ದಾರಿ ಚಿಕ್ಕದಾಗಿರಲಿ. ಒಲೆಯನ್ನು ಹೊರಗೋಡೆಗೆ ಒತ್ತಿ ಇಟ್ಟರೆ ಡಕ್ಟ್ ಎರಡಡಿಯಲ್ಲಿ ಗೋಡೆ ದಾಟಿ ಹೊರಗೆ ಹೋಗುತ್ತೆ. ಸೀಲಿಂಗ್ ತಂಟೆಯೇ ಇಲ್ಲ. ಮನೆಯ ನಕ್ಷೆ ಬರೆಸುವಾಗಲೇ ಇದನ್ನು ಹೇಳಿ. ವಾಸ್ತು ಕೇಳ್ತೀರಿ, ಆಗ್ನೇಯಕ್ಕೆ ಒಲೆ ಇಡ್ತೀರಿ, ಇಡಿ. ಆಗ್ನೇಯದ ಮೂಲೆಗೆ ಹೊರಗೋಡೆ ಇದ್ದೇ ಇರುತ್ತಲ್ಲ? ಅಲ್ಲೇ ಒಂದು ತೂತು ಬಿಡಿಸಿ. ಸೀಲಿಂಗ್ ಮೇಲೆಯೇ ಹೋಗಬೇಕು ಅಂದ್ರೆ ನೇರವಾಗಿ ಹೋಗಲಿ, ತಿರುವು ಒಂದೋ ಎರಡೋ ಸಾಕು. ಮಲಗೋ ಕೋಣೆಯ ಮೇಲಿಂದ ಬೇಡ.

ಎರಡನೆಯದು, ಲೋಹ. ಜಿಐ ತಗಡಿನ ಗಟ್ಟಿ ಡಕ್ಟ್ ಎಲ್ಲಕ್ಕಿಂತ ಒಳ್ಳೇದು. ಒಳಮೈ ನುಣುಪಾಗಿರೋದರಿಂದ ಜಿಡ್ಡು ಕಡಿಮೆ ಕೂರುತ್ತೆ. ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿರೋ ಅಲ್ಯೂಮಿನಿಯಂ ಪೈಪನ್ನು ಚಿಮಣಿಯಿಂದ ಡಕ್ಟಿಗೆ ಸೇರಿಸೋ ಚಿಕ್ಕ ಅಂತರಕ್ಕೆ ಬಳಸಿ, ಪೂರ್ತಿ ಎಳೆದು ಬಳಸಿ. ಹತ್ತಡಿ ಅದನ್ನೇ ಸೀಲಿಂಗ್ ಮೇಲೆ ಹಾವಿನ ಹಾಗೆ ಮಲಗಿಸಿದರೆ ಪ್ರತಿ ಮಡಿಕೆಯೂ ಜಿಡ್ಡಿನ ಬಟ್ಟಲು.

ಇನ್ನೊಂದು ಮಾತು. ಚಿಮಣಿಯ ಬಾಯಿ ಆರಿಂಚು ಇದ್ದರೆ ಡಕ್ಟೂ ಆರಿಂಚೇ ಇರಬೇಕು. ಗೋಡೆಯ ತೂತು ಸಣ್ಣದಾಯ್ತು ಅಂತ ನಾಲ್ಕಿಂಚಿಗೆ ಇಳಿಸಿದರೆ ಗಾಳಿಯ ದಾರಿ ಅರ್ಧಕ್ಕಿಂತಲೂ ಕಡಿಮೆಯಾಗುತ್ತೆ. ಲೆಕ್ಕ ಹಾಕಿ ನೋಡಿ: ಆರರ ವರ್ಗ 36, ನಾಲ್ಕರ ವರ್ಗ 16. ಫ್ಯಾನ್ ಒದ್ದಾಡುತ್ತೆ, ಮೋಟಾರ್ ಬಿಸಿಯಾಗುತ್ತೆ, ಜಿಡ್ಡು ಒಳಗೇ ಉಳಿಯುತ್ತೆ.

ಮೂರನೆಯದು, ನೆರೆಹೊರೆ. ಸೀಲಿಂಗ್ ಒಳಗೆ ಡಕ್ಟಿನ ಪಕ್ಕದಲ್ಲಿ ಯಾರಿದ್ದಾರೆ ಅನ್ನೋದು ಮುಖ್ಯ. ವೈರುಗಳು ಡಕ್ಟಿನ ಮೇಲೆ ಬಿದ್ದಿರಬಾರದು. ತಗಡಿನ ಚೂಪು ಅಂಚು ವೈರಿನ ಹೊದಿಕೆ ಕೊಯ್ದರೆ ಇಡೀ ಡಕ್ಟಿಗೆ ಕರೆಂಟ್ ಹರಿಯಬಹುದು, ಕಿಡಿಯೂ ಹಾರಬಹುದು. ವೈರುಗಳಿಗೆ ಬೇರೆ ಪೈಪ್ ಇರಲಿ, ಜೋಡಣೆಗಳು ಡಬ್ಬಿಯೊಳಗೆ ಇರಲಿ. ಬರೀ ಟೇಪ್ ಸುತ್ತಿ ಸೀಲಿಂಗ್ ಮೇಲೆ ಎಸೆದ ಜೋಡಣೆಯೇ ನಾಳೆಯ ಶಾರ್ಟ್ ಸರ್ಕ್ಯೂಟ್. ಎಲ್‌ಇಡಿ ಲೈಟಿನ ಡ್ರೈವರ್ ಡಬ್ಬಿಗಳು ಡಕ್ಟಿಗೆ ಒತ್ತಿಕೊಂಡಿರೋದು ಬೇಡ. ಮೇನ್ ಬೋರ್ಡಿನಲ್ಲಿ ಎಂಸಿಬಿ ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯಾ ನೋಡಿ. ಇಲ್ಲದಿದ್ದರೆ ಹಾಕಿಸಿ.

ಸೀಲಿಂಗ್ ಹಲಗೆ ಯಾವುದು ಅನ್ನೋದೂ ಮುಖ್ಯ. ಜಿಪ್ಸಂ, ಪಿಒಪಿ ಎರಡೂ ಬೆಂಕಿಗೆ ಸುಲಭವಾಗಿ ಬಗ್ಗೋದಿಲ್ಲ. ಜಿಪ್ಸಂನ ತೂಕದ ಸುಮಾರು ಐದನೇ ಒಂದು ಭಾಗ ಅದರೊಳಗೇ ಅಡಗಿರೋ ನೀರು. ಶಾಖ ತಾಗಿದಾಗ ಆ ನೀರು ಹಬೆಯಾಗಿ ಹೊರಗೆ ಬರ್ತಾ ಬೆಂಕಿಗೆ ಅಡ್ಡ ನಿಲ್ಲುತ್ತೆ. ಅಗ್ಗಕ್ಕೆ ಸಿಗ್ತವೆ ಅಂತ ಪ್ಲೈವುಡ್, ಪ್ಲಾಸ್ಟಿಕ್ ಹಲಗೆ, ಥರ್ಮಾಕೋಲ್ ಹಾಕಿಸಿದರೆ ಆ ರಕ್ಷಣೆ ಇಲ್ಲ. ಜಿಪ್ಸಂ ಇದ್ದರೂ ಡಕ್ಟಿಗೋಸ್ಕರ ಕೊರೆದ ತೂತಿನ ಸುತ್ತ ಸಂದಿ ಬಿಟ್ಟರೆ ಗೋಡೆ ಕಟ್ಟಿ ಬಾಗಿಲು ತೆರೆದಿಟ್ಟ ಹಾಗೆ.

ನಾಲ್ಕನೆಯದು, ಆ ಸಂದಿ. ಡಕ್ಟ್ ಗೋಡೆ, ಸ್ಲ್ಯಾಬ್ ದಾಟೋ ಕಡೆ ಸುತ್ತಲೂ ಸಿಮೆಂಟ್ ಗಾರೆಯಿಂದ ಗಟ್ಟಿಯಾಗಿ ಮುಚ್ಚಿಸಿ, ಇಲ್ಲವೇ ಬೆಂಕಿ ತಡೆಯುವ ಸೀಲಂಟ್ ತುಂಬಿಸಿ. ಪೇಪರ್ ಉಂಡೆ, ಥರ್ಮಾಕೋಲ್ ತುಂಡು, ಡಬ್ಬಿಯಿಂದ ಬುಸ್ ಅಂತ ಬರೋ ಸಾಮಾನ್ಯ ಫೋಮ್, ಇವು ಮೂರೂ ಉರಿಯೋ ವಸ್ತುಗಳು. ಫೋಮ್ ನೋಡೋಕೆ ಗಟ್ಟಿ. ಬೆಂಕಿಗೆ ಅದು ತುಪ್ಪ.

ಐದನೆಯದು, ಜೋಡಣೆ. ಅಲ್ಯೂಮಿನಿಯಂ ಟೇಪು, ಕ್ಲ್ಯಾಂಪು ಬಳಸಿ. ಪಾರ್ಸಲ್ಲಿಗೆ ಸುತ್ತೋ ಟೇಪ್ ಶಾಖಕ್ಕೆ ಬಿಟ್ಟುಕೊಳ್ಳುತ್ತೆ. ಬಿಟ್ಟುಕೊಂಡಿದ್ದು ನಿಮಗೆ ಕಾಣೋದಿಲ್ಲ, ಯಾಕಂದ್ರೆ ಅದು ಮೇಲಿದೆ. ಆಮೇಲೆ ಒಗ್ಗರಣೆಯ ಜಿಡ್ಡೆಲ್ಲಾ ಸೀಲಿಂಗ್ ಒಳಗೇ ಬೀಳ್ತಾ ಹೋಗುತ್ತೆ. ಪಿಒಪಿಯಲ್ಲಿ ಕಂದು ಕಲೆ ಕಾಣಿಸಿಕೊಂಡರೆ ಪೇಂಟ್ ಬಳಿದು ಮುಚ್ಚಬೇಡಿ. ಮೇಲೆ ಡಕ್ಟ್ ಬಾಯಿ ಬಿಟ್ಟಿರಬಹುದು.

ಆರನೆಯದು, ಕೊನೆ. ಡಕ್ಟ್ ಬಯಲಿಗೇ ಮುಗೀಬೇಕು. ಸೀಲಿಂಗ್ ಒಳಗೇ ಬಾಯಿ ಬಿಟ್ಟು ನಿಲ್ಲಿಸೋ ಮಹಾನುಭಾವರಿದ್ದಾರೆ! ಮೆಟ್ಟಿಲ ಗೂಡಿಗೆ, ಪಕ್ಕದ ಮನೆ ಕಿಟಕಿ ಎದುರಿಗೆ ಬಿಡೋರೂ ಇದ್ದಾರೆ. ಎರಡೂ ತಪ್ಪು. ಹೊರಗಿನ ಬಾಯಿಗೆ ಗಾಳಿ ಬಂದಾಗ ಮುಚ್ಚಿಕೊಳ್ಳೋ ರೆಕ್ಕೆಯಿರೋ ಮುಚ್ಚಳ ಹಾಕಿಸಿ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಮಳೆಗಾಲದ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತೆ. ಡಕ್ಟಿನ ಬಾಯಿ ಅದೇ ದಿಕ್ಕಿಗೆ ತೆರೆದಿದ್ದರೆ ಹೊಗೆ ಹೊರಗೆ ಹೋಗೋ ಬದಲು ಮನೆಯೊಳಗೇ ವಾಪಸ್ ಬರುತ್ತೆ. ಮುಚ್ಚಳ ಇಲ್ಲದ ಡಕ್ಟಿನಲ್ಲಿ ಗುಬ್ಬಿ, ಮೈನಾ ಗೂಡು ಕಟ್ಟುತ್ತವೆ. ಜಿಡ್ಡಿನ ಮೇಲೆ ಒಣಹುಲ್ಲು. ಬೆಂಕಿಗೆ ಇನ್ನೇನು ಬೇಕು?

ಏಳನೆಯದು, ಒಂದು ಕಿಂಡಿ. ಸೀಲಿಂಗಿನಲ್ಲಿ ಡಕ್ಟ್ ತಿರುಗೋ ಜಾಗದ ಕೆಳಗೆ ತೆಗೆದು ಹಾಕಬಹುದಾದ ಒಂದು ಮುಚ್ಚಳ ಇಡಿಸಿ. ವರ್ಷಕ್ಕೊಮ್ಮೆ ತೆಗೆದು ನೋಡಿ, ಡಕ್ಟ್ ಸ್ವಚ್ಛ ಮಾಡಿಸಿ. ಫಿಲ್ಟರನ್ನು ಎರಡು ಮೂರು ವಾರಕ್ಕೊಮ್ಮೆ ಬಿಸಿನೀರು, ಸೋಪಿನಲ್ಲಿ ತೊಳೀರಿ. ದೀಪಾವಳಿಗೆ ಇಡೀ ಮನೆ ತೊಳೀತೀರಿ, ಆ ಪಟ್ಟಿಗೆ ಇದನ್ನೂ ಸೇರಿಸಿ. ಚಿಮಣಿ ಗ್ಯಾಸ್ ಒಲೆಯಿಂದ ತೀರಾ ತಗ್ಗಿನಲ್ಲಿರೋದೂ ಬೇಡ. ಸಾಮಾನ್ಯವಾಗಿ 65ರಿಂದ 75 ಸೆಂಟಿಮೀಟರ್ ಅಂತರ ಇಡ್ತಾರೆ. ನಿಮ್ಮ ಚಿಮಣಿ ಜೊತೆ ಬಂದ ಪುಸ್ತಕದಲ್ಲಿ ಎಷ್ಟು ಬರೆದಿದೆಯೋ ಅಷ್ಟು ಬಿಡಿ.

ಸೌದೆ ಒಲೆ ಇನ್ನೂ ಇರೋ ಮನೆಗೆ

ಗ್ಯಾಸ್ ಬಂದರೂ ನೀರು ಕಾಯಿಸೋಕೆ, ರೊಟ್ಟಿ ಬಡಿಯೋಕೆ ಸೌದೆ ಒಲೆ ಇಟ್ಟುಕೊಂಡವರು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿ ಅವರ ನೇತೃತ್ವದಲ್ಲಿ ಹಳ್ಳಿಗಳಿಗಾಗಿ ವಿಜ್ಞಾನ ಅನ್ನೋ ಉದ್ದೇಶದ 'ಅಸ್ತ್ರ' ಕೇಂದ್ರ ಶುರುವಾಯ್ತು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಕಡಿಮೆ ಸೌದೆ, ಹೊಗೆ ಕೊಳವೆಯಲ್ಲಿ ಹೊರಗೆ. ರಾಜ್ಯದ ಎಷ್ಟೋ ಅಡುಗೆಮನೆಗಳಿಗೆ ಉಸಿರು ಕೊಟ್ಟ ಒಲೆ ಅದು.

ಆದರೆ ಸೌದೆ ಒಲೆಯ ಹೊಗೆಕೊಳವೆ ಗ್ಯಾಸ್ ಒಲೆಯ ಚಿಮಣಿ ಡಕ್ಟಿಗಿಂತ ಬಹಳ ಬಿಸಿ. ಅದು ಮಣ್ಣಿನ ಮಾಳಿಗೆಯನ್ನು ದಾಟುವಾಗ ಜಂತಿ, ಕಟ್ಟಿಗೆ ಸೀಳು, ಒಣಹುಲ್ಲಿನ ನಡುವೆಯೇ ದಾಟಬೇಕು. ವರ್ಷಗಟ್ಟಲೆ ಬಿಸಿ ತಿಂದು ಕರಕಲಾದ ಕಟ್ಟಿಗೆ ಹೊಸ ಕಟ್ಟಿಗೆಗಿಂತ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳಬಹುದು. ನಿನ್ನೆವರೆಗೆ ಏನೂ ಆಗಿಲ್ಲ ಅನ್ನೋದು ನಾಳೆಗೆ ಗ್ಯಾರಂಟಿ ಅಲ್ಲ. ಒಂಟಿ ತಗಡಿನ ಬಿಸಿ ಹೊಗೆಕೊಳವೆಗೂ ಉರಿಯೋ ವಸ್ತುವಿಗೂ ನಡುವೆ 18 ಇಂಚು ಅಂತರ ಇರಬೇಕು ಅನ್ನುತ್ತೆ ಅಮೆರಿಕದ ಅಗ್ನಿ ಸುರಕ್ಷತಾ ಸಂಹಿತೆ. 18 ಇಂಚು ಅಂದ್ರೆ ನಮ್ಮ ಲೆಕ್ಕದಲ್ಲಿ ಒಂದು ಮೊಳ. ನೆನಪಿಡೋಕೆ ಸುಲಭ. ಮಾಳಿಗೆಯಲ್ಲಿ ಒಂದು ಮೊಳ ಬಿಡೋಕೆ ಆಗೋದಿಲ್ಲ ಅಂದ್ರೆ ಮಾಳಿಗೆ ಕೊರೆಯಲೇಬೇಡಿ, ಕಲ್ಲು ಅಥವಾ ಮಣ್ಣಿನ ಗೋಡೆ ಕೊರೆದು ಕೊಳವೆಯನ್ನು ಪಕ್ಕಕ್ಕೆ ಒಯ್ಯಿರಿ. ಅದೇ ಸಂಹಿತೆ ಹೋಟೆಲ್ ಅಡುಗೆಮನೆಯ ಜಿಡ್ಡಿನ ಡಕ್ಟಿಗೂ ಇದೇ ಒಂದು ಮೊಳ ಹೇಳುತ್ತೆ. ಖಾನಾವಳಿ, ಭಜಿ ಅಂಗಡಿ ನಡೆಸೋರು ದಯವಿಟ್ಟು ಗಮನಿಸಿ.

ಬಚ್ಚಲಿನ ಗ್ಯಾಸ್ ಗೀಸರ್ ಇನ್ನೊಂದು ಅಪಾಯ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕೆ ಹೋದವರು ಹೆಣವಾಗಿ ಬಂದ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ? ಗೀಸರಿನ ಹೊಗೆಕೊಳವೆಯನ್ನು ಎಕ್ಸಾಸ್ಟ್ ಫ್ಯಾನಿನ ಪೈಪಿಗೋ, ಚಿಮಣಿಯ ಡಕ್ಟಿಗೋ ಯಾವತ್ತೂ ಸೇರಿಸಬೇಡಿ. ಅಷ್ಟೇ ಅಲ್ಲ, ಬಾಗಿಲು ಕಿಟಕಿ ಮುಚ್ಚಿ ಜೋರಾದ ಎಕ್ಸಾಸ್ಟ್ ಹಾಕಿದರೆ ಅದು ಗಾಳಿಗಾಗಿ ಗೀಸರಿನ ಕೊಳವೆಯಿಂದಲೇ ವಿಷದ ಹೊಗೆಯನ್ನು ಒಳಕ್ಕೆ ಎಳೆಯಬಹುದು. ಹೊರಗೆ ಹೋಗೋ ಗಾಳಿಗೆ ಒಳಗೆ ಬರೋ ದಾರಿ ಬೇಕೇ ಬೇಕು. ಗೀಸರನ್ನು ಬಚ್ಚಲಿನ ಹೊರಗೆ, ತೆರೆದ ಜಾಗದಲ್ಲಿ ಇಡಿಸಿ ನೀರನ್ನಷ್ಟೇ ಒಳಗೆ ತನ್ನಿ.

ಆ ಒಂದು ಸ್ವಿಚ್

ಈಗ ಹೇಳೋದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ. ಗ್ಯಾಸ್ ವಾಸನೆ ಬಂದಾಗ ನಮ್ಮ ಕೈ ಎಲ್ಲಿಗೆ ಹೋಗುತ್ತೆ? ಎಕ್ಸಾಸ್ಟ್ ಸ್ವಿಚ್ಚಿಗೆ. "ವಾಸನೆ ಹೊರಗೆ ಹೋಗ್ಲಿ" ಅಂತ. ಅದನ್ನು ಮಾತ್ರ ಮಾಡಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಂಡಿರುತ್ತೆ. ಮೇಲಿನ ಚಿಮಣಿ ಅದನ್ನು ಪೂರ್ತಿ ತೆಗೆಯೋದಿಲ್ಲ. ಆದರೆ ಸ್ವಿಚ್ಚಿನ ಒಂದು ಸಣ್ಣ ಕಿಡಿ, ಮೋಟಾರಿನ ಒಂದು ಕಿಡಿ ಅದನ್ನು ಹೊತ್ತಿಸೋಕೆ ಸಾಕು.

2024ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ಏನಾಯ್ತು ನೆನಪಿದೆಯಲ್ಲ? ಅಯ್ಯಪ್ಪ ಮಾಲೆ ಹಾಕಿದ್ದವರು ರಾತ್ರಿ ಮಲಗಿದ್ದರು. ಸಿಲಿಂಡರಿನಿಂದ ಗ್ಯಾಸ್ ಸೋರಿತು. ಉರೀತಿದ್ದ ದೀಪದಿಂದ ಅದಕ್ಕೆ ಬೆಂಕಿ ಹತ್ತಿತು. ಆಸ್ಪತ್ರೆಯಲ್ಲಿ ದಿನಕ್ಕೊಬ್ಬರಂತೆ ಕಣ್ಣು ಮುಚ್ಚಿದ ಆ ಸುದ್ದಿ ಓದೋದು ನಮಗೂ ಕಷ್ಟವಾಗಿತ್ತು. ಅಲ್ಲಿ ದೀಪ, ನಿಮ್ಮ ಮನೆಯಲ್ಲಿ ಫ್ರಿಜ್ಜೋ, ಫ್ಯಾನಿನ ಸ್ವಿಚ್ಚೋ ಆಗಬಹುದು.

ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ದೀಪ ಉರೀತಿದ್ದರೆ ನಂದಿಸಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಎಲ್ಲರನ್ನೂ ಹೊರಗೆ ಕರ್ಕೊಂಡು ಬನ್ನಿ. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಅದು ಎಲ್‌ಪಿಜಿ ಸೋರಿಕೆಯ ತುರ್ತು ಸಹಾಯವಾಣಿ.

ಬಾಣಲೆಗೆ ಬೆಂಕಿ ಹತ್ತಿದರೆ ಲೆಕ್ಕ ಬೇರೆ. ಅಲ್ಲಿ ಚಿಮಣಿಯ ಫ್ಯಾನನ್ನು ಕೂಡಲೇ ಆರಿಸಬೇಕು, ಒಲೆ ಬಂದ್ ಮಾಡಬೇಕು, ಬಾಣಲೆ ಮೇಲೆ ಅಗಲದ ತಟ್ಟೆ ಮುಚ್ಚಬೇಕು. ನೀರು ಹಾಕಲೇಬೇಡಿ. ಕುದಿಯೋ ಎಣ್ಣೆಗೆ ನೀರು ಬಿದ್ದರೆ ಅದು ಸ್ಫೋಟದ ಹಾಗೆ ಹಬೆಯಾಗಿ ಉರಿಯೋ ಎಣ್ಣೆಯನ್ನು ಸೀಲಿಂಗಿನವರೆಗೆ ಹಾರಿಸುತ್ತೆ. ಉರಿ ಡಕ್ಟಿಗೆ ಹೋಯ್ತು, ಸೀಲಿಂಗ್ ಒಳಗಿಂದ ಚಟಚಟ ಸದ್ದು ಕೇಳ್ತಿದೆ, ಹೊಗೆ ಸೋರ್ತಿದೆ ಅಂದ್ರೆ ಪಿಒಪಿ ಒಡೆದು ನೋಡೋ ಸಾಹಸ ಬೇಡ. ಒಡೆದರೆ ಒಳಗಿನ ಬೆಂಕಿಗೆ ನೀವೇ ಗಾಳಿ ಕೊಟ್ಟ ಹಾಗೆ. ಕೈಗೆ ಸಿಗೋ ಹಾಗಿದ್ದರೆ ಮೇನ್ ಸ್ವಿಚ್ ಆರಿಸಿ. ವಯಸ್ಸಾದವರನ್ನು, ಮಕ್ಕಳನ್ನು ಮೊದಲು ಹೊರಗೆ ಕಳಿಸಿ. ಹೊಗೆ ತುಂಬಿದ್ದರೆ ಬಗ್ಗಿ, ನೆಲದ ಹತ್ತಿರ ತೆವಳಿ ಬನ್ನಿ, ಉಸಿರಾಡೋ ಗಾಳಿ ಉಳಿದಿರೋದು ಕೆಳಗೇ. ಹೊರಗೆ ಬಂದು 112ಕ್ಕೆ ಕರೆ ಮಾಡಿ. ಬಂಗಾರ, ಕಾಗದಪತ್ರ ಅಂತ ವಾಪಸ್ ಒಳಗೆ ಹೋಗಬೇಡಿ.

ತಾಲೂಕು ಕೇಂದ್ರದಿಂದ ದೂರ ಇರೋ ಹಳ್ಳಿಗಳವರಿಗೆ ಒಂದು ಮಾತು ಜಾಸ್ತಿ ಹೇಳಬೇಕು. ಅಗ್ನಿಶಾಮಕದವರು ಎಷ್ಟೇ ವೇಗವಾಗಿ ಹೊರಟರೂ ರಸ್ತೆ ದೂರ ದೂರವೇ. ಬೆಂಕಿ ದೊಡ್ಡದಾಗೋಕೆ ಕೆಲವೇ ನಿಮಿಷ ಸಾಕು. ಹಾಗಾಗಿ ನಗರದವರಿಗಿಂತ ಹಳ್ಳಿಯವರಿಗೇ ಮುನ್ನೆಚ್ಚರಿಕೆ ಹೆಚ್ಚು ಬೇಕು. ನಗರದಲ್ಲಿ ತಪ್ಪನ್ನು ತಿದ್ದೋಕೆ ಯಾರಾದರೂ ಬೇಗ ಬಂದಾರು. ನಿಮ್ಮಲ್ಲಿ ತಪ್ಪು ಆಗದ ಹಾಗೆ ನೋಡಿಕೊಳ್ಳೋದೇ ದಾರಿ.

ಕೊನೆಗೆ ಒಂದು ಉಪಾಯ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಮನೆ ಕಟ್ಟಿಸ್ತಾ ಇದ್ದರೆ ಪಿಒಪಿ ಹಲಗೆ ಹೊಡೆಯೋ ಹಿಂದಿನ ದಿನ ನೀವೇ ಹೋಗಿ. ಗೌಂಡಿ, ಪ್ಲಂಬರ್, ಎಲೆಕ್ಟ್ರಿಷಿಯನ್, ಪಿಒಪಿಯವರು, ಚಿಮಣಿ ಕೂರಿಸೋರು ಬೇರೆ ಬೇರೆ ದಿನ ಬಂದು ಹೋಗಿರ್ತಾರೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರೋದಿಲ್ಲ. ಎಲ್ಲರ ಕೆಲಸವೂ ಒಟ್ಟಿಗೆ ಕಾಣೋದು ಅದೊಂದು ದಿನ ಮಾತ್ರ. ಡಕ್ಟಿನ ದಾರಿಯುದ್ದಕ್ಕೂ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಪೈಪ್ ಯಾವುದು, ವೈರ್ ಎಲ್ಲಿದೆ, ಗೋಡೆಯ ಸಂದಿ ಮುಚ್ಚಿದ್ದಾರಾ, ಬಾಯಿ ಬಯಲಿಗೆ ಬಿಟ್ಟಿದ್ದಾರಾ ಎಲ್ಲವೂ ಬರಲಿ. "ಏನಾಗಂಗಿಲ್ಲ ಬಿಡ್ರಿ" ಅಂದವರಿಗೆ ಒಂದೇ ಮಾತು ಹೇಳಿ: "ಆಗಂಗಿಲ್ಲ ಅಂದ್ರ ಒಳ್ಳೇದ. ಆದರೂ ತಗಡಿಂದ ಹಾಕ್ರಿ."

ಮನೆ ಆಗಲೇ ಕಟ್ಟಿ ಮುಗಿದಿದ್ದರೆ, ಈ ಭಾನುವಾರ ಒಂದು ಲೈಟನ್ನು ಬಿಚ್ಚಿಸಿ. ಮೊದಲು ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ನನ್ನು ಜೊತೆಗೆ ಕರ್ಕೊಂಡು, ಆ ತೂತಿನಲ್ಲಿ ಟಾರ್ಚ್ ಹಾಕಿ ನೋಡಿ. ಬಿಳಿ ಪ್ಲಾಸ್ಟಿಕ್ ಪೈಪ್ ಕಂಡರೆ ಬದಲಾಯಿಸಿ. ಜಿಡ್ಡು ಕಂಡರೆ ತೊಳೆಸಿ. ಎಲ್ಲ ಸರಿಯಿದ್ದರೆ ಸಂತೋಷ, ಅವತ್ತು ರಾತ್ರಿ ನೆಮ್ಮದಿಯಿಂದ ಮಲಗ್ತೀರಿ.

ಮಿರ್ಚಿ ಭಜಿ ಕರೀರಿ, ಒಗ್ಗರಣೆ ಹಾಕಿ, ಚಿಮಣಿ ಓಡಿಸಿ. ಹೊಗೆ ಎಲ್ಲಿಗೆ ಹೋಗ್ತಿದೆ ಅನ್ನೋದು ಮಾತ್ರ ನಿಮಗೆ ಗೊತ್ತಿರಲಿ.